ಬೆಳಗಿನ ಚೀಟಿ, ಸಂಜೆಯ ಎಲೆ

ಕಿಟಕಿಯ ಕಟ್ಟೆಯ ಮೇಲಿದ್ದ ನೀಲಿ ಪಿಂಗಾಣಿ ಲೋಟ ತನ್ನ ಮನೆಯದೇ ಎಂದು ತಿಳಿಯಲು ಪತ್ತೇದಾರ ಎರಡನೆಯ ಸಲ ನೋಡಬೇಕಾಗಲಿಲ್ಲ.

ಜೋಡಿಯಾಗಿ ಕೊಂಡಿದ್ದು. ಒಂದು ಮನೆಯಲ್ಲಿ ಅವನ ಮೇಜಿನ ಮೇಲಿದೆ, ಹಿಡಿ ಚೂರು ಮುಕ್ಕಾಗಿದೆ. ಇನ್ನೊಂದೆಲ್ಲಿ ಎಂದು ಕೇಳಿದಾಗ ಹೆಂಡತಿ, ಕೆಲಸದ ಜಾಗಕ್ಕೆ ಒಯ್ದಿದ್ದೇನೆ ಎಂದಿದ್ದಳು. ಕೆಲಸದ ಜಾಗ ಅಂದರೆ ಅವಳ ಮೇಜು ಎಂದುಕೊಂಡಿದ್ದ ಅವನು. ಈಗ ನೋಡಿದರೆ ಅದು ಇಲ್ಲಿ, ಈ ಮನುಷ್ಯನ ಕೋಣೆಯಲ್ಲಿ, ತಳದಲ್ಲಿ ಟೀ ಒಣಗಿಸಿಕೊಂಡು, ಹುಟ್ಟಿದಾಗಿನಿಂದ ಇಲ್ಲೇ ಇದ್ದೇನೆ ಎಂಬ ಹಾಗೆ ಕೂತಿದೆ.

"ಸಕ್ಕರೆ ಎಷ್ಟು ಹಾಕಲಿ?" ಮೇಜಿನ ಆಚೆಯಿಂದ ಮುಖ್ಯಸ್ಥ ಕೇಳಿದ.

ಹೆಂಡತಿ ಕೆಲಸ ಮಾಡುವ ಈ ಕಳೆ ಸಂಶೋಧನಾ ಕೇಂದ್ರಕ್ಕೆಲ್ಲ ಅವರು ದೊಡ್ಡ ಸಾರ್. ಪತ್ತೇದಾರನೂ ಬಾಯಲ್ಲಿ 'ಸಾರ್' ಅನ್ನುತ್ತಿದ್ದ, ಮನಸ್ಸಿನೊಳಗೆ ಮಾತ್ರ ಏಕವಚನ. ಮನುಷ್ಯನಿಗೆ ಅಷ್ಟಾದರೂ ಸ್ವಾತಂತ್ರ್ಯ ಬೇಡವೇ?

ಟೀ ತಂದವಳು ಪುಟ್ಟಿ. ಹೆಸರಿಗೆ ಪುಟ್ಟಿ, ಓದಿನಲ್ಲಿ ಡಾಕ್ಟರೇಟು. ಯಾರೋ ಕದ್ದು ಕಳೆನಾಶಕ ಹೊಡೆದು ಸಾಯಿಸಿದ್ದು ಅವಳ ಪ್ರಯೋಗದ ಹುಲ್ಲನ್ನೇ. ವರ್ಷಗಟ್ಟಲೆ ಸಾಕಿದ ಟ್ರೇಗಳು, ಬೀಜ ಕಟ್ಟುವ ಹೊತ್ತಿಗೆ ಸುಳಿ ಹಳದಿಯಾಗಿ ಮಲಗಿದ್ದವು. ಪೊಲೀಸರು ಬೇಡ, ಗೌರವ ಹೋಗುತ್ತದೆ ಎಂದು ಕೇಂದ್ರದವರು ಪತ್ತೇದಾರನನ್ನು ಕರೆಸಿ ಒಂದು ವಾರವಾಗಿತ್ತು.

"ಬಿಸಿ ಇದೆ ಭಾವ, ನೋಡ್ಕೊಂಡು" ಎನ್ನುತ್ತ ಪುಟ್ಟಿ ಲೋಟ ಇಟ್ಟಳು. ಅವನ ಹೆಂಡತಿಯನ್ನು ಅಕ್ಕ ಎಂದು ಕರೆಯುತ್ತಿದ್ದುದರಿಂದ ಇವನು ತಾನಾಗಿಯೇ ಭಾವ ಆಗಿಬಿಟ್ಟಿದ್ದ. ಹೆಬ್ಬೆರಳನ್ನು ಲೋಟದ ಅಂಚಿನೊಳಗೆ ಇಳಿಸಿ ಹಿಡಿಯುವ ಚಾಳಿ ಅವಳದು. ಆ ಬೆರಳು ಒಂದ್ಸಲ ಸುಟ್ಟುಕೊಂಡಿದ್ದು ಸಾಲದಾ ಎಂದು ಮುಖ್ಯಸ್ಥ ಗದರಿದ. ಬೆರಳಿನ ತುದಿಯಲ್ಲಿ ಸುಣ್ಣದ ಬೊಟ್ಟಿನಂಥ ಬಿಳಿ ಕಲೆ ಇತ್ತು. ಎಲೆಗಳನ್ನು ಹೆಪ್ಪುಗಟ್ಟಿಸುವ ದ್ರವ ನೈಟ್ರೋಜನ್ ತಗುಲಿ ಆಗಿದ್ದಂತೆ.

"ಬೆಂಕಿ ಒಂದೇ ಸುಡೋದು ಅಂದ್ಕೊಂಡಿದೀರಾ ಭಾವ? ಚಳೀನೂ ಸುಡುತ್ತೆ" ಎಂದು ನಕ್ಕಳು. ಆಮೇಲೆ, ಈ ವಾರದ ಎಲೆಗಳನ್ನು ತಾನು ಕತ್ತರಿಸಲೇ ಎಂದು ಮುಖ್ಯಸ್ಥನನ್ನು ಕೇಳಿದಳು. ಮೇಡಂ ಕತ್ತರಿಸ್ತಾರೆ ಬಿಡು ಎಂದ ಅವನು.

"ಹೌದಲ್ಲ, ಅಕ್ಕನ ಕೈ ಮುಟ್ಟಿದ್ರೇ ನಿಮಗೆ ಎಲೆ" ಎಂದು ಪುಟ್ಟಿ ಬಾಗಿಲೆಳೆದುಕೊಂಡು ಹೋದಳು.

ಈ ಮಾತು ಪತ್ತೇದಾರನ ಕಿವಿಗೆ ಕಾದ ಎಣ್ಣೆಯಂತೆ ಇಳಿಯಿತು. ಅವನು ಮತ್ತೆ ನೀಲಿ ಲೋಟದ ಕಡೆಗೇ ನೋಡಿದ. ಆ ಗಳಿಗೆಯಲ್ಲಿ ಅವನು ನೋಡಬೇಕಾಗಿದ್ದು ಬೇರೆ. ಹೊಟ್ಟೆಯೊಳಗೆ ಕಿಚ್ಚಿಟ್ಟುಕೊಂಡವರ ಕಣ್ಣು ಒಂದೇ ಕಡೆಗೆ ಮೊಳೆ ಹೊಡೆದ ಹಾಗೆ ನಿಂತಿರುತ್ತದೆ, ಏನು ಮಾಡುವುದು?

ಈ ಕೇಸು ಸಿಕ್ಕಿದ್ದೇ ಹೆಂಡತಿಯ ಶಿಫಾರಸಿನಿಂದ. ನಮ್ಮನೆಯವರು ಇಂಥದ್ದೇ ಕೆಲಸ ಮಾಡೋದು ಎಂದು ಅವಳು ಹೇಳಿದ್ದಳಂತೆ, ಮುಖ್ಯಸ್ಥ ತಕ್ಷಣ ಒಪ್ಪಿದನಂತೆ. ಅವಳು ಹೇಳಿದ್ದನ್ನು ಆತ ತಕ್ಷಣ ಒಪ್ಪುವುದೇ ಪತ್ತೇದಾರನಿಗೆ ಸಂಕಟ. ಕಟ್ಟಡದಲ್ಲಿ ಎಲ್ಲರಿಗೂ ಅವನು 'ಮೇಡಂ ಮನೆಯವರು'. ಊರಿಡೀ ಕಳ್ಳರು ಹೆದರುವ ಮನುಷ್ಯ ಇಲ್ಲಿ ಒಬ್ಬಳ ಮನೆಯವನಾಗಿ ಓಡಾಡಬೇಕಿತ್ತು.

ಆದರೆ ಇವತ್ತು ಅವನ ಕೈಯಲ್ಲಿ ಸರಕಿತ್ತು. ಲೋಟ ಪಕ್ಕಕ್ಕೆ ಸರಿಸಿ ಶುರು ಮಾಡಿದ.

ಕಳೆನಾಶಕ ಇಡುವ ಕಪಾಟಿಗೆ ಎರಡು ಬೀಗದ ಕೈ. ಒಂದು ಮುಖ್ಯಸ್ಥನ ಜೇಬಿನಲ್ಲಿ. ಇನ್ನೊಂದು ಮೇಡಂ ಡ್ರಾಯರ್‌ನಲ್ಲಿ ಇರುತ್ತೆ, ಆ ಡ್ರಾಯರ್‌ಗೆ ಬೀಗ ಇಲ್ಲ ಎಂದು ಮುಖ್ಯಸ್ಥ ನಡುವೆ ಬಾಯಿ ಹಾಕಿದ. ಪತ್ತೇದಾರ ಅದನ್ನು ಕೇಳಿಸಿಕೊಳ್ಳಲಿಲ್ಲ. ಪುಟ್ಟಿಗೆ ಹೊರದೇಶದ ದೊಡ್ಡ ಸಮ್ಮೇಳನಕ್ಕೆ ಕರೆ ಬಂದಿತ್ತು. ಇಷ್ಟು ವರ್ಷ ಈ ಕುರ್ಚಿಯಲ್ಲಿ ಕೂತಿದ್ದರೂ ಅಂಥ ಕರೆ ಮುಖ್ಯಸ್ಥನಿಗೆ ಬಂದಿರಲಿಲ್ಲ. ತಾನು ಕೈಹಿಡಿದು ಕಲಿಸಿದ ಹುಡುಗಿ ತಲೆ ಮೇಲೆ ಹತ್ತಿ ಕೂತರೆ ಯಾರಿಗೆ ತಾನೇ ತಡೆಯುತ್ತದೆ?

"ಹೊಟ್ಟೆ ಉರೀತು" ಎಂದ ಮುಖ್ಯಸ್ಥ, ಮಳೆ ಬಂತು ಅಂದಷ್ಟು ಸಲೀಸಾಗಿ. "ಇಲ್ಲ ಅಂದ್ರೆ ಸುಳ್ಳು ಹೇಳಿದ ಹಾಗಾಗುತ್ತೆ. ಆವತ್ತು ಮನೆಗೆ ಹೋಗಿ ಊಟ ಮಾಡ್ಲಿಲ್ಲ. ಮಾರನೇ ದಿನ ಬಂದು ಅವಳ ಭಾಷಣ ತಿದ್ದಿಕೊಟ್ಟೆ. ಮುಂದೆ ಹೇಳಿ."

ಈ ಉತ್ತರಕ್ಕೆ ಪತ್ತೇದಾರ ತಯಾರಿರಲಿಲ್ಲ. ಇಷ್ಟು ಸುಲಭವಾಗಿ ಒಪ್ಪಿಕೊಳ್ಳಬಹುದಾದ ವಸ್ತುವೇ ಅದು? ತಾನು ಹಗಲೂ ರಾತ್ರಿ ಹೊತ್ತು ತಿರುಗುತ್ತಿದ್ದುದನ್ನು ಈತ ಮೇಜಿನ ಮೇಲೆ ಪೆನ್ನಿಟ್ಟ ಹಾಗೆ ಇಟ್ಟುಬಿಟ್ಟನಲ್ಲ.

ಕೊನೆಯ ಪಟ್ಟು ಹಾಕಿದ. "ಔಷಧಿ ಬಿದ್ದಿದ್ದು ಬುಧವಾರ ಅಂತ ನೀವೇ ಅಂದ್ರಿ. ಆವತ್ತು ಎಲ್ಲರೂ ಮನೆಗೆ ಹೋದ್ಮೇಲೂ ನಿಮ್ಮ ಕಾರು ಕತ್ತಲಾಗೋ ತನಕ ಒಳಗೇ ನಿಂತಿತ್ತು ಸಾರ್. ಏನ್ ಮಾಡ್ತಿದ್ರಿ?"

"ಮೇಲಿನ ಮಹಡೀಲಿ ಮೀಟಿಂಗು. ಹೊರಗಿಂದ ಬಂದೋರು ಇದ್ರು, ಕೇಳ್ಬಹುದು." ಮುಖ್ಯಸ್ಥ ಕನ್ನಡಕ ತೆಗೆದು ಒರೆಸಿಕೊಂಡ. "ಅದಿರಲಿ. ಬುಧವಾರ ವಾಚ್‌ಮನ್ ರಜೆ. ಗೇಟಲ್ಲಿ ಯಾರೂ ಇರ್ಲಿಲ್ಲ. ನನ್ನ ಕಾರು ಕತ್ತಲ ತನಕ ಇತ್ತು ಅಂತ ನಿಮಗೆ ಹೇಳಿದ್ಯಾರು?"

ಪತ್ತೇದಾರ ಪಕ್ಕಕ್ಕೆ ಸರಿಸಿದ್ದ ಟೀ ಲೋಟವನ್ನು ಮತ್ತೆ ಹತ್ತಿರ ಎಳೆದುಕೊಂಡ.

ಹೇಳಿದವರು ಯಾರೂ ಇಲ್ಲ. ಅವನೇ ನೋಡಿದ್ದು.

ಆ ಬುಧವಾರ ಬೆಳಿಗ್ಗೆ ಮನೆಯಲ್ಲಿ ಜಗಳವಾಗಿತ್ತು. ಜಗಳ ಅಂದರೆ ದೊಡ್ಡ ಜಗಳವಲ್ಲ, ದೊಡ್ಡ ಸಾರ್ ಹೀಗಂದರು, ದೊಡ್ಡ ಸಾರ್ ಹಾಗಂದರು ಎಂದು ಅವಳು ತಲೆ ಬಾಚಿಕೊಳ್ಳುತ್ತ ಹೇಳಿದಳು, ನಿನ್ನ ದೊಡ್ಡ ಸಾರೇ ನಿನಗೆ ಬುತ್ತಿ ಕಟ್ಟಿಕೊಡಲಿ ಎಂದು ಇವನು ಅಂದ. ಅವಳು ಬುತ್ತಿ ಬಿಟ್ಟು ಹೋದಳು. ಇವನು ಆ ನೆಪದಲ್ಲಿ ಹಿಂದೆಯೇ ಹೊರಟು, ಬುತ್ತಿಯನ್ನೂ ಮನೆಯಲ್ಲೇ ಮರೆತು, ಕೇಂದ್ರದ ಗೇಟಿನ ಎದುರಿನ ಬೇಕರಿಯ ಬೆಂಚಿನ ಮೇಲೆ ಕೂತ.

ಮಧ್ಯಾಹ್ನ ಹೆಂಡತಿ ಒಬ್ಬಳೇ ಹೊರಗೆ ಬಂದು ಬಸ್ಸು ಹತ್ತಿದಳು. ತಂಗಿಯ ಮನೆಗೆ ಹೋಗುತ್ತೇನೆ ಎಂದು ಮೊದಲೇ ಹೇಳಿದ್ದಳು. ಅಲ್ಲಿಗೆ ಅವನು ಎದ್ದು ಮನೆಗೆ ಹೋಗಬಹುದಿತ್ತು. ಆದರೆ ಅವಳ ಹಿಂದೆ ಮುಖ್ಯಸ್ಥನ ಕಾರು ಹೊರಡುತ್ತದೆಯೋ ಏನೋ ನೋಡಿಯೇ ಹೋಗೋಣ ಎನಿಸಿತು. ಹಾಗೇ ಕತ್ತಲಾಯಿತು. ಒಳಗೆ ಹೋದವರು ಯಾರೋ, ಲೆಕ್ಕಕ್ಕಿಲ್ಲ. ಅವನಿಗೆ ಬೇಕಾಗಿದ್ದುದು ಹೊರಗೆ ಬರುವ ಒಂದು ಕಾರು. ನಡುವೆ ಪಕ್ಕದಲ್ಲಿ ಕೂತಿದ್ದವರ ಟೀ ಬೆಂಚಿನ ಮೇಲೆ ಚೆಲ್ಲಿ ಹರಿಯಿತು, ಇವನು ತಿರುಗಿಯೂ ನೋಡದೆ ಕರ್ಚೀಫು ತೆಗೆದುಕೊಟ್ಟ. ಅದೇ ಹೊತ್ತಿಗೆ ಒಳಗೆಲ್ಲೋ ಕಾರಿನ ಬಾಗಿಲು ಬಡಿದ ಸದ್ದಾಗಿತ್ತು.

ಇದನ್ನೆಲ್ಲ ಈ ಕೋಣೆಯಲ್ಲಿ, ಈ ಮನುಷ್ಯನೆದುರು ಹೇಳುವುದಕ್ಕಿಂತ ನಾಲಿಗೆ ಕಚ್ಚಿಕೊಳ್ಳುವುದು ವಾಸಿ.

"ನಮ್ಮ ಕೆಲಸದಲ್ಲಿ ಯಾರು ಹೇಳಿದ್ರು ಅಂತ ಹೇಳೋ ಹಾಗಿಲ್ಲ" ಎಂದ.

ಮುಖ್ಯಸ್ಥ ಒತ್ತಾಯಿಸಲಿಲ್ಲ. ಡ್ರಾಯರಿನಿಂದ ಒಂದು ಬಣ್ಣದ ಹಾಳೆ ತೆಗೆದು ಅವನ ಮುಂದೆ ಹಾಸಿದ. ಚಿಕ್ಕ ಚಿಕ್ಕ ಚೌಕಗಳು, ಕೆಲವು ಕೆಂಪು, ಕೆಲವು ನೀಲಿ, ಚಾಪೆಯ ಹೆಣಿಗೆಯಂತೆ.

"ಮೇಡಂ ನಿಮಗೆ ಇದರ ಬಗ್ಗೆ ಹೇಳಿರ್ತಾರೆ."

ಹೇಳಿದ್ದಳು. ಅವಳು ಹೇಳಿದ್ದು ಹೀಗೆ: ಒಂದು ಹುಲ್ಲಿನ ಎಲೆಯಲ್ಲಿ ಸಾವಿರಾರು ಜೀನುಗಳಿರುತ್ತವೆ, ಮನೆಯಲ್ಲಿ ಪಾತ್ರೆಗಳಿರುವ ಹಾಗೆ. ಎಲ್ಲ ಪಾತ್ರೆಯೂ ಎಲ್ಲ ಹೊತ್ತಿನಲ್ಲೂ ಒಲೆಯ ಮೇಲಿರುವುದಿಲ್ಲ. ಅವಳು ದಿನಾ ಬೆಳಿಗ್ಗೆ ಪ್ರತಿ ಟ್ರೇಯಿಂದ ಎಲೆಯ ತುದಿ ಕತ್ತರಿಸಿ, ಟ್ಯೂಬಿಗೆ ಹಾಕಿ, ಹೊಗೆಯಾಡುವ ಕ್ಯಾನಿನಲ್ಲಿ ಮುಳುಗಿಸುತ್ತಾಳೆ. ಎಲೆ ಆ ಕ್ಷಣದಲ್ಲಿ ಹೆಪ್ಪುಗಟ್ಟುತ್ತದೆ. ಆಮೇಲೆ ಯಾವಾಗ ಬೇಕಾದರೂ ಅರೆದು ಓದಿದರೆ, ಕತ್ತರಿಸಿದ ಗಳಿಗೆಯಲ್ಲಿ ಯಾವ ಯಾವ ಒಲೆ ಉರಿಯುತ್ತಿತ್ತು ಎಂದು ಗೊತ್ತಾಗುತ್ತದೆ. ಕೆಂಪು ಅಂದರೆ ಜೋರು ಉರಿ. ನೀಲಿ ಅಂದರೆ ಆರಿದ ಒಲೆ.

ಕಳೆನಾಶಕ ಬಿದ್ದರೆ ಹುಲ್ಲು ಸುಮ್ಮನೆ ಸಾಯುವುದಿಲ್ಲವಂತೆ. ಕಣ್ಣಿಗೆ ಒಂದು ಚುಕ್ಕಿ ಹಳದಿ ಕಾಣುವ ಎಷ್ಟೋ ದಿನ ಮೊದಲೇ ಒಳಗೆ ಗದ್ದಲ ಎದ್ದಿರುತ್ತದೆ. ವಿಷವನ್ನು ಕತ್ತರಿಸುವ ಜೀನು, ಕತ್ತರಿಸಿದ್ದಕ್ಕೆ ಗುರುತು ಕಟ್ಟುವ ಜೀನು, ಹೊತ್ತು ಮೂಲೆಯ ಉಗ್ರಾಣಕ್ಕೆ ಎಸೆಯುವ ಜೀನು, ಒಂದೊಂದಾಗಿ ಏಳುತ್ತವೆ. ಬೇಗ ಎದ್ದರೆ ಹುಲ್ಲು ಬದುಕೀತು, ತಡವಾದರೆ ಇಲ್ಲ. ಔಷಧಿಗೆ ಜಗ್ಗದ ಒಂದು ತಳಿಗೆ ಇಲ್ಲಿಯವರು ಗಟ್ಟಿಗಿತ್ತಿ ಎಂದು ಹೆಸರಿಟ್ಟಿದ್ದರು. ಅದರಲ್ಲಿ ಯಾರೂ ವಿಷ ಹಾಕದಿದ್ದರೂ ಆ ಒಲೆಗಳು ಸದಾ ಉರಿಯುತ್ತಲೇ ಇರುತ್ತವೆಯಂತೆ. ಇದನ್ನು ಹೇಳಿ ಹೆಂಡತಿ ಅವನ ಮುಖ ನೋಡಿ ನಕ್ಕಿದ್ದಳು. ಯಾಕೆ ನಕ್ಕಳೆಂದು ಅವನಿಗೆ ಎರಡು ದಿನ ಬಿಟ್ಟು ಹೊಳೆದಿತ್ತು.

"ಸತ್ತ ಟ್ರೇಗಳ ಎಲೆ ನಮ್ಮ ಫ್ರೀಜರಿನಲ್ಲಿದ್ವು. ನಾನು ಯಾರಿಗೂ ಹೇಳ್ದೆ ಹೊರಗಿನ ಲ್ಯಾಬಿಗೆ ಕಳಿಸಿ ಓದಿಸ್ದೆ" ಎಂದ ಮುಖ್ಯಸ್ಥ. ಅವನ ಬೆರಳು ಮಂಗಳವಾರದ ಸಾಲಿನ ಮೇಲೆ ಓಡಿತು. ವಿಷ ಕತ್ತರಿಸುವ ಜೀನುಗಳೆಲ್ಲ ನೀಲಿ. ಬುಧವಾರದ ಸಾಲಿನಲ್ಲಿ ಅವೇ ಕೆಂಪು, ಬೆಳವಣಿಗೆಯ ಜೀನುಗಳು ಮಾತ್ರ ಇನ್ನೂ ನಿಂತಿಲ್ಲ. ಎಂದರೆ ಎಲೆ ಕತ್ತರಿಸುವ ಹೊತ್ತಿಗೆ ಔಷಧಿ ಬಿದ್ದಿತ್ತು, ಬಿದ್ದು ಬಹಳ ಹೊತ್ತಾಗಿರಲಿಲ್ಲ.

"ಹಾಗಾದ್ರೆ ಬುಧವಾರ ಬೆಳಿಗ್ಗೇನೇ ಯಾರೋ ಹೊಡೆದಿದಾರೆ" ಎಂದ ಪತ್ತೇದಾರ. ಎದೆ ಹಗುರಾಯಿತು. ಬೆಳಿಗ್ಗೆಯೇ ಆಗಿಹೋದದ್ದಾದರೆ ಕತ್ತಲ ತನಕ ಬೆಂಚಿನ ಮೇಲೆ ಕೂತ ಸುದ್ದಿಯೇ ಬೇಡ.

"ಚೀಟಿ ಮೇಲೆ ಬೆಳಿಗ್ಗೆ ಅಂತಲೇ ಬರೆದಿದೆ" ಎಂದು ಮುಖ್ಯಸ್ಥ ಹಾಳೆಯ ಕೆಳಭಾಗ ತೋರಿಸಿದ. "ಆದ್ರೆ ಹುಲ್ಲಿಗೂ ಗಡಿಯಾರ ಇದೆ ನೋಡಿ. ಹೊತ್ತು ಹುಟ್ಟುವಾಗ ಏಳೋ ಜೀನು ಬೇರೆ, ಹೊತ್ತು ಮುಳುಗುವಾಗ ಏಳೋದು ಬೇರೆ. ಮಂಗಳವಾರ ಬೆಳಗಿನವು ಕೆಂಪು. ಗುರುವಾರಾನೂ ಹಾಗೇ. ನಡುವೆ ಬುಧವಾರ ಒಂದು ದಿನ ಉಲ್ಟಾ. ಬೆಳಗಿನವು ಮಲಗಿವೆ, ಸಂಜೆಯವು ಎದ್ದು ಕೂತಿವೆ."

"ಔಷಧಿಗೆ ಹಾಗಾಗಿರ್ಬಹುದು."

"ಔಷಧಿ ಬೀಳದ ಪಕ್ಕದ ಟ್ರೇಗಳಲ್ಲೂ ಹಾಗೇ ಇದೆ."

ಪತ್ತೇದಾರ ಹಾಳೆಯನ್ನೇ ನೋಡುತ್ತ ಕೂತ. ಮುಂದಿನ ಮಾತು ಏನೆಂದು ಅವನಿಗೆ ಗೊತ್ತಾಗಿತ್ತು. ಆದರೂ ಮುಖ್ಯಸ್ಥ ಹೇಳಲಿ ಎಂದು ಕಾದ.

ಮುಖ್ಯಸ್ಥ ಮೆತ್ತಗೆ ಹೇಳಿದ. ಬುಧವಾರದ ಎಲೆ ಕತ್ತರಿಸಿದ್ದು ಸಂಜೆ. ಕತ್ತರಿಸಿದವರು ಟ್ಯೂಬಿನ ಮೇಲೆ ಬೆಳಿಗ್ಗೆ ಎಂದು ಸುಳ್ಳು ಬರೆದಿದ್ದಾರೆ. ಔಷಧಿ ಬಿದ್ದದ್ದೂ ಅದೇ ಇಳಿಹೊತ್ತಿನಲ್ಲಿ. ಅಕ್ಷರ ಯಾರದೆಂದು ಪತ್ತೇದಾರನಿಗೆ ಹೇಳಬೇಕಾಗಿಲ್ಲ. ನಾಳೆ ಸಮಿತಿ ಕೂರುತ್ತದೆ, ಹೆಸರು ಕೇಳುತ್ತದೆ, ತಾನು ಹೇಳಲೇಬೇಕು.

"ಒಂದಿನ ಮುಂಚೆ ನಿಮಗೆ ಹೇಳ್ತಿದೀನಿ. ಅವರು ನನ್ನ ಹತ್ರ ಕೆಲಸ ಕಲಿತೋರು. ನಿಮ್ಮನ್ನ ಕರೆಸಿ ಅಂದಿದ್ದೂ ಅವರೇ. ಅದಕ್ಕೇ ಅವರಿರಲಿಕ್ಕಿಲ್ಲ ಅಂತ ಇಷ್ಟು ದಿನ ನಂಬಿದ್ದೆ."

"ಅವಳು ಆವತ್ತು ಸಂಜೆ ಇಲ್ಲಿರ್ಲಿಲ್ಲ."

"ನೋಡಿದೋರು ಯಾರಾದ್ರೂ ಇದಾರಾ?"

ಇದ್ದಾನೆ. ಒಬ್ಬನೇ ಒಬ್ಬ. ಬೆಂಚಿನ ಮೇಲೆ ಕೂತಿದ್ದವನು, ಮಧ್ಯಾಹ್ನ ಅವಳು ಬಸ್ಸು ಹತ್ತಿದ್ದನ್ನೂ ಕತ್ತಲ ತನಕ ಆ ಗೇಟಿನಲ್ಲಿ ಅವಳು ವಾಪಸು ಬರದಿದ್ದುದನ್ನೂ ಕಣ್ಣಾರೆ ಕಂಡವನು. ಅವನು ಬಾಯಿ ಬಿಟ್ಟರೆ ಹೆಂಡತಿಯ ಕೆಲಸ ಉಳಿಯುತ್ತದೆ. ಎಲೆ ಕತ್ತರಿಸುವ ಕೈಯನ್ನೇ ನಂಬುವ ಹಾಗಿಲ್ಲ ಎಂದಾದರೆ ಇನ್ನು ಯಾವ ಲ್ಯಾಬಿನವರೂ ಅವಳನ್ನು ಹೊಸ್ತಿಲು ದಾಟಿಸುವುದಿಲ್ಲ. ಬಾಯಿ ಬಿಟ್ಟರೆ, ಹೆಂಡತಿಯ ಮೇಲೆ ಹೊಂಚು ಹಾಕಿ ಕೂತಿದ್ದ ಗಂಡ ಎಂದು ಸಮಿತಿಗೆಲ್ಲ ಗೊತ್ತಾಗುತ್ತದೆ. ಅದಕ್ಕೂ ಮೊದಲು ಅವಳಿಗೆ ಗೊತ್ತಾಗುತ್ತದೆ.

ಎದ್ದು ನಿಂತ. ಬಾಗಿಲ ಹತ್ತಿರ ಮುಖ್ಯಸ್ಥ ಕರೆದು ನೀಲಿ ಲೋಟ ಕೈಗಿತ್ತ. "ಇದು ನಿಮ್ಮನೇದಂತೆ, ಮೇಡಂ ಹುಡುಕ್ತಿದ್ರು. ಪುಟ್ಟಿ ಟೀ ತರೋವಾಗ ಯಾವ ಲೋಟ ಸಿಕ್ಕಿದ್ರೂ ತರ್ತಾಳೆ, ಇಲ್ಲೇ ಬಿಟ್ಟು ಹೋಗ್ತಾಳೆ."

ಇಷ್ಟು ಹೊತ್ತು ಆ ಲೋಟದ ಮೇಲೆ ಅವನು ಎಂತೆಂಥ ಚಿತ್ರ ಬರೆದಿದ್ದ! ಈಗ ಅದು ಬರೀ ಲೋಟವಾಗಿ ಅವನ ಕೈಯಲ್ಲಿತ್ತು.

ಗಾಜಿನ ಮನೆಯೊಳಗೆ ಒದ್ದೆ ಮಣ್ಣಿನ ವಾಸನೆ. ಮೂಲೆಯಲ್ಲಿ ದೊಡ್ಡ ಫ್ಯಾನು ಗೊರಗೊರ ತಿರುಗುತ್ತಿತ್ತು. ಸತ್ತ ಟ್ರೇಗಳನ್ನು ಸಾಕ್ಷಿಗೆಂದು ಹಾಗೇ ಬಿಟ್ಟಿದ್ದರು. ಸುಳಿ ಎಳೆದರೆ ಕೈಗೆ ಬರುವಷ್ಟು ಕೊಳೆತಿತ್ತು. ಪಕ್ಕದಲ್ಲಿ ಗಟ್ಟಿಗಿತ್ತಿ ಏನೂ ಆಗದವಳಂತೆ ಮೊಣಕಾಲೆತ್ತರ ನಿಂತಿದ್ದಳು.

ಹೆಂಡತಿ ಕತ್ತರಿಯನ್ನು ಸ್ಪಿರಿಟ್ಟಿನಲ್ಲಿ ಒರೆಸುತ್ತಿದ್ದಳು. ಅವನ ಕೈಯಲ್ಲಿದ್ದ ಲೋಟ ನೋಡಿ, ಅಂತೂ ಸಿಕ್ತಲ್ಲ ಎಂದಳು. ಊಟವಾಯಿತೇ ಎಂದು ಕೇಳಿದಳು. ಅವನ ಮುಖ ನೋಡಿ ಕತ್ತರಿ ಕೆಳಗಿಟ್ಟಳು.

"ಏನ್ರೀ?"

ಅವನು ಹಾಳೆಯ ಸಂಗತಿ ಹೇಳಿದ. ಸಂಜೆಯ ಎಲೆ, ಬೆಳಗಿನ ಚೀಟಿ, ನಾಳೆಯ ಸಮಿತಿ. ಅವಳ ಮುಖದಲ್ಲಿ ಬಣ್ಣ ಇಳಿಯಿತು. ಹೆದರಬೇಡ, ಅದು ನೀನಲ್ಲ ಎಂದು ಸಾಕ್ಷಿ ಹೇಳುವವರಿದ್ದಾರೆ ಎಂದ.

"ಯಾರು?"

ನೀಲಿ ಲೋಟವನ್ನು ಆ ಕೈಯಿಂದ ಈ ಕೈಗೆ ಬದಲಾಯಿಸಿದ. ಎಷ್ಟೋ ಜನರ ಬಾಯಿ ಬಿಡಿಸಿದವನಿಗೆ ಸ್ವಂತ ಬಾಯಿ ಬಿಡಿಸುವ ಉಪಾಯ ಗೊತ್ತಿರಲಿಲ್ಲ.

"ನಾನು. ಆವತ್ತು ಎದುರಿನ ಬೇಕರೀಲಿ ಕೂತಿದ್ದೆ. ನೀನು ಅವರ ಜೊತೆ ಹೋಗ್ತೀಯೇನೋ ಅಂತ... ನೋಡೋಕೆ. ನೀನು ಮಧ್ಯಾಹ್ನ ಹೋದೋಳು ವಾಪಸ್ ಬರ್ಲಿಲ್ಲ. ಕತ್ತಲ ತನಕ ಅಲ್ಲೇ ಇದ್ದೆ ಕಣೆ. ನಾಳೆ ಸಮಿತಿ ಮುಂದೆ ಹಾಗೇ ಹೇಳ್ತೀನಿ. ನಗೋರು ನಗ್ಲಿ."

ಅವಳು ಬಯ್ಯಲಿಲ್ಲ, ಅಳಲೂ ಇಲ್ಲ. ಸ್ಟೂಲು ಎಳೆದುಕೊಂಡು ಕೂತಳು.

"ಗೊತ್ತಿತ್ತು" ಎಂದಳು. "ಒಂದೇ ಬನ್ನು ಕೈಲಿ ಹಿಡ್ಕೊಂಡು ಅಷ್ಟು ಹೊತ್ತು ಕೂರೋರು ಈ ಲೋಕದಲ್ಲಿ ಇನ್ಯಾರಿದಾರೆ? ಬಸ್ಸಿಂದಲೇ ಕಾಣ್ತು."

"ಹೋಗೋವಾಗಲಾ?"

"ಬರೋವಾಗ."

ಅವಳು ತಲೆ ಎತ್ತದೆ ಹೇಳತೊಡಗಿದಳು. ಆವತ್ತು ಜಗಳದ ತಲೆಬಿಸಿಯಲ್ಲಿ ಬೆಳಿಗ್ಗೆ ಎಲೆ ಕತ್ತರಿಸುವುದನ್ನೇ ಮರೆತಿದ್ದಳು. ಇಷ್ಟು ವರ್ಷದಲ್ಲಿ ಒಂದು ದಿನವೂ ತಪ್ಪಿದ್ದಿಲ್ಲ. ತಂಗಿಯ ಮನೆಯಲ್ಲಿ ಕೂತಿದ್ದಾಗ ನೆನಪಾಗಿ ಎದ್ದು ಬಂದಳು. ಗೇಟಿನ ಎದುರು ಬಸ್ಸು ನಿಂತಾಗ ಗಂಡ ಕಂಡ. ಅವನ ಮುಂದೆ ಇಳಿದು, ಯಾಕೆ ವಾಪಸು ಬಂದೆ, ಯಾರನ್ನು ನೋಡಲು ಬಂದೆ ಎಂಬ ಪ್ರಶ್ನೆಗೆಲ್ಲ ನಡುಬೀದಿಯಲ್ಲಿ ಉತ್ತರ ಕೊಡುವ ತ್ರಾಣ ಇರಲಿಲ್ಲ. ಮುಂದಿನ ಸ್ಟಾಪಿನಲ್ಲಿ ಇಳಿದು, ಸುತ್ತಿಕೊಂಡು, ಹಿಂದಿನ ಗೇಟಿನಿಂದ ಒಳಗೆ ಬಂದಳು. ಹೊತ್ತು ಮುಳುಗುತ್ತಿತ್ತು. ಗಡಿಬಿಡಿಯಲ್ಲಿ ಎಲೆ ಕತ್ತರಿಸಿದಳು. ಒಂದು ದಿನದ್ದು, ಯಾರಿಗೆ ತಿಳಿಯುತ್ತೆ ಎಂದು ಬೆಳಿಗ್ಗೆ ಎಂದೇ ಬರೆದಳು.

"ಆ ಹಾಳೆ ಸುಳ್ಳು ಹೇಳ್ತಿಲ್ಲ ರೀ. ಸುಳ್ಳು ಬರೆದಿದ್ದು ನಾನೇ."

ಪತ್ತೇದಾರ ಮಾನ ಮಾರಿ ತಂದ ಸಾಕ್ಷಿ ಕ್ಷಣದಲ್ಲಿ ಬೂದಿಯಾಗಿತ್ತು. ಔಷಧಿ ಯಾರು ಹೊಡೆದರು ಎಂದು ಕೇಳಿದ.

ಎಲೆಗಳು ಆಗಲೇ ಒದ್ದೆಯಾಗಿದ್ದವು, ನೀರು ಚಿಮುಕಿಸಿದ್ದಾರೆ ಎಂದುಕೊಂಡೆ ಎಂದಳು ಅವಳು. ಕತ್ತರಿ ತೊಳೆಯಲು ಸಿಂಕಿನ ಹತ್ತಿರ ಹೋದಾಗ ಅಲ್ಲಿ ಕೈ ಸ್ಪ್ರೇಯರ್ ಇತ್ತು, ಮೂತಿಯಿಂದ ಇನ್ನೂ ತೊಟ್ಟಿಕ್ಕುತ್ತಿತ್ತು. ಮೂಗಿಗೆ ವಾಸನೆ ಬಡಿಯಿತು.

"ನಾನು ಅದನ್ನ ತೊಳೆದಿಟ್ಟೆ."

"ಏನು? ಯಾಕೆ ತೊಳೆದೆ? ಬೆರಳ ಗುರುತು, ಏನೆಲ್ಲ ಇರ್ತಿತ್ತು, ಅಷ್ಟೂ ತಿಳಿಯಲ್ವಾ ನಿನಗೆ?"

ಅವಳು ಕೋಟಿನ ಜೇಬಿಗೆ ಕೈ ಹಾಕಿ ಮಡಿಚಿದ ಒಂದು ಬಟ್ಟೆ ತೆಗೆದು ಅವನ ಕೈಯ ಲೋಟದೊಳಗೆ ಇಟ್ಟಳು. ಬಿಳಿ ಕರ್ಚೀಫು. ಮೂಲೆಯಲ್ಲಿ ಹಸಿರು ದಾರದ ಹೊಲಿಗೆ, ಅವಳೇ ಹಾಕಿದ್ದು.

"ಸ್ಪ್ರೇಯರಿನ ಹಿಡಿಗೆ ಸುತ್ತಿತ್ತು" ಎಂದಳು. "ಎದುರಿಗೆ ಬೆಂಚಿನ ಮೇಲೆ ನೀವು. ಒಳಗೆ ನಿಮ್ಮ ಕರ್ಚೀಫು. ದೊಡ್ಡ ಸಾರ್ ಮೇಲಿನ ಸಿಟ್ಟಿಗೆ ಅವರ ಲ್ಯಾಬಿನ ಹುಲ್ಲಿಗೆ ಹೊಡೆದ್ರಿ ಅಂದ್ಕೊಂಡೆ. ಇನ್ನೇನಂದ್ಕೊಳ್ಳಲಿ?"

ಅವನು ಲೋಟದೊಳಗಿನ ಕರ್ಚೀಫು ಎತ್ತಿ ಹಸಿರು ಹೊಲಿಗೆ ನೋಡಿದ, ಮತ್ತೆ ಅಲ್ಲೇ ಇಟ್ಟ.

"ಬೇರೆ ಯಾರನ್ನಾದ್ರೂ ತನಿಖೆಗೆ ಕರೆಸಿದ್ರೆ ನೀವು ಸಿಕ್ಕಿಬೀಳ್ತಿದ್ರಿ. ಅದಕ್ಕೇ ನಿಮ್ಮನ್ನೇ ಕರೆಸಿ ಅಂದೆ. ನಿಮ್ಮನ್ನ ನೀವೇ ಹಿಡ್ಕೊಳ್ಳಲ್ಲ ಅಂತ ಒಂದು ಧೈರ್ಯ."

ಇಷ್ಟು ದಿನ ಒಂದೇ ಸೂರಿನ ಕೆಳಗೆ, ಅಪರಾಧಿ ಎಂದು ನಂಬಿದ ಮನುಷ್ಯನಿಗೆ ಅವಳು ಬಡಿಸಿದ್ದಳು, ಅವನ ಅಂಗಿಗೆ ಗುಂಡಿ ಹಾಕಿದ್ದಳು, ಕೇಸು ಎಲ್ಲಿಗೆ ಬಂತು ಎಂದು ಕೇಳಿದ್ದಳು. ಅವನೋ, ಅವಳು ಯಾರ ಜೊತೆ ನಗುತ್ತಾಳೆ ಎಂದು ನೋಡುತ್ತಿದ್ದ.

"ನಾನು ಗೇಟಿನೊಳಗೇ ಬಂದಿಲ್ಲ ಕಣೆ. ನಿನ್ನಾಣೆ."

ಅವಳು ಅವನ ಕಣ್ಣನ್ನೇ ನೋಡಿದಳು. ಮದುವೆಯಾದಾಗಿನಿಂದ ಅವನ ಸುಳ್ಳು ನಿಜ ಎರಡನ್ನೂ ಕಂಡವಳು. ನಂಬಿದಳು ಎಂದು ಅವಳ ಭುಜ ಇಳಿದ ರೀತಿಯಲ್ಲೇ ಗೊತ್ತಾಯಿತು. ನಂಬಿದ ಮರುಗಳಿಗೆ ಅವಳ ಮುಖದಲ್ಲಿ ಬೇರೊಂದು ಭಯ ಮೂಡಿತು.

"ಹಾಗಾದ್ರೆ ಇದು ಅಲ್ಲಿಗೆ ಹೇಗೆ ಹೋಯ್ತು? ಯಾರಿಗೆ ಕೊಟ್ಟಿದ್ರಿ?"

ಬೆಂಚು. ಪಕ್ಕದವರು. ಚೆಲ್ಲಿದ ಟೀ. ಕೊಟ್ಟ ನೆನಪಿದೆ, ಇಸಿದುಕೊಂಡವರ ಮುಖವಿಲ್ಲ. ಗಂಡಸೋ ಹೆಂಗಸೋ ಅದೂ ಇಲ್ಲ. ಕಣ್ಣು ಮುಚ್ಚಿ ತಡಕಿದ. ಗೇಟು ಕಂಡಿತು, ಕಾರು ಕಂಡಿತು, ಹಾಳು ಕಾರು ಮತ್ತೆ ಮತ್ತೆ ಕಂಡಿತು. ಅದನ್ನು ಬಲವಂತವಾಗಿ ಪಕ್ಕಕ್ಕೆ ತಳ್ಳಿದ. ಕೆಳಗೆ ಎಲ್ಲೋ ಕಣ್ಣಂಚಿನಲ್ಲಿ ಒಂದು ಗಾಜಿನ ಲೋಟ, ಅದು ವಾಲಿದ್ದು, ವಾಲಿಸಿದ ಕೈ. ಲೋಟದ ಅಂಚಿನೊಳಗೆ ಇಳಿದಿದ್ದ ಒಂದು ಬೆರಳು. ಅಕ್ಕನ ಕೈ ಮುಟ್ಟಿದ್ರೇ ನಿಮಗೆ ಎಲೆ ಎಂದ ಮಾತಿನೊಳಗಿನ ಕಿಚ್ಚು, ತನ್ನ ಹುಲ್ಲು ಸತ್ತರೂ ಸರಿ ಅಕ್ಕನ ಮನೆ ಉರಿಯಲಿ ಎಂಬ ಕಿಚ್ಚು, ಅವನಿಗೆ ಈಗ ಕೇಳಿಸಿತು.

"ಆವತ್ತು ರಜೆ ಯಾರ್ಯಾರು ಹಾಕಿದ್ರು?" ಕಣ್ಣು ತೆರೆಯದೆ ಕೇಳಿದ.

"ವಾಚ್‌ಮನ್. ಆಮೇಲೆ ಜ್ವರ ಅಂತ ಪು..."

ಗಾಜಿನ ಬಾಗಿಲು ಸರಿಯಿತು.

"ಅಕ್ಕಾ, ಭಾವ, ಇಬ್ರೂ ಇಲ್ಲೇ ಇದೀರಾ" ಎಂದು ಪುಟ್ಟಿ ಎರಡು ಕೈಯಲ್ಲಿ ಎರಡು ಲೋಟ ಹಿಡಿದು ಒಳಗೆ ಬಂದಳು. ತನ್ನ ಸತ್ತ ಹುಲ್ಲನ್ನು ದಾಟುವಾಗ ಆ ಕಡೆ ನೋಡಲೂ ಇಲ್ಲ. ಅವಳ ಕಣ್ಣು ನೀಲಿ ಲೋಟದೊಳಗಿನ ಬಿಳಿ ಕರ್ಚೀಫಿನ ಮೇಲೆ ಒಂದು ಗಳಿಗೆ ನಿಂತು, ಅಕ್ಕನ ಮುಖಕ್ಕೆ ಹೋಗಿ, ಕೊನೆಗೆ ಅವನ ಮೇಲೆ ಬಂದು ಕೂತಿತು.

ಒಂದು ಲೋಟವನ್ನು ಅವನ ಮುಂದೆ ಚಾಚಿದಳು. ಅಂಚಿನೊಳಗೆ ಹೆಬ್ಬೆರಳು, ಅದರ ತುದಿಯಲ್ಲಿ ಸುಣ್ಣದ ಬೊಟ್ಟಿನಂಥ ಕಲೆ.

"ತೊಗೊಳ್ಳಿ ಭಾವ" ಎಂದಳು ನಗುತ್ತ. "ಈ ಸಲ ಚೆಲ್ಲೋದಿಲ್ಲ."